ಯಾವ ಪೆಟ್ಟಿಗೆ ಯಾವ ವಿಳಾಸ ಓದುತ್ತದೆ?

ಮನೆಗೆ ಬಂದಿರುವ ಇಂಟರ್‌ನೆಟ್ ಪೆಟ್ಟಿಗೆಯನ್ನು ಮಗುಚಿ ನೋಡಿದರೆ ತಳದಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಇರುವ ಆ ಚೀಟಿಯಲ್ಲೇ ಸಾಮಾನ್ಯವಾಗಿ ಇನ್ನೆರಡು ಸಂಖ್ಯೆಗಳಿರುತ್ತವೆ. ಒಂದು 192.168.1.1 ಎಂಬಂತೆ ನಡುನಡುವೆ ಚುಕ್ಕಿ ಇಟ್ಟದ್ದು. ಇನ್ನೊಂದು 00:41:70:19:83:56 ಎಂಬಂತೆ ಎರಡೆರಡು ಅಂಕಿಗಳ ಆರು ಜೋಡಿ. ಅಂಕಿಗಳ ಜೊತೆ ಎ ಇಂದ ಎಫ್ ವರೆಗಿನ ಇಂಗ್ಲಿಷ್ ಅಕ್ಷರಗಳೂ ಬೆರೆತಿರಬಹುದು. ಮೊದಲನೆಯದು ಐಪಿ ವಿಳಾಸ, ಎರಡನೆಯದು ಮ್ಯಾಕ್ ವಿಳಾಸ. ಒಂದೇ ಯಂತ್ರಕ್ಕೆ ಎರಡು ವಿಳಾಸ ಯಾಕೆ?

ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ನೆಟ್‌ವರ್ಕ್ ಲೋಕದ ಅರ್ಧದಷ್ಟು ಪದಗಳು ತಾವಾಗಿ ತಮ್ಮ ಜಾಗದಲ್ಲಿ ಕೂರುತ್ತವೆ ಎಂಬುದು ನನ್ನ ನಂಬಿಕೆ. ಹಬ್, ಸ್ವಿಚ್, ರೂಟರ್, ಗೇಟ್‌ವೇ, ಮೋಡೆಮ್ ಎಂದು ಪದಕೋಶದ ರೀತಿ ಒಂದೊಂದಕ್ಕೂ ಅರ್ಥ ಬಾಯಿಪಾಠ ಮಾಡಿದವರು ವಾರದೊಳಗೆ ಮರೆಯುತ್ತಾರೆ. ಇವೆಲ್ಲ ಒಂದೇ ಬಗೆಯ ಪ್ಲಾಸ್ಟಿಕ್ ಪೆಟ್ಟಿಗೆಗಳು, ಎಲ್ಲದರಲ್ಲೂ ಅದೇ ಮಿಣುಕು ದೀಪಗಳು, ಅದೇ ಕೇಬಲ್ ತೂತುಗಳು. ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಪ್ರತಿ ಪೆಟ್ಟಿಗೆಯ ಮುಂದೆ ನಿಂತು ‘ಇದು ಯಾವ ವಿಳಾಸ ಓದುತ್ತದೆ?’ ಎಂದು ಕೇಳಿದರೆ ಅದರ ಕೆಲಸ ಏನೆಂದು ಗೊತ್ತಾಗಿಬಿಡುತ್ತದೆ. ಅಂಗಡಿಯವನು ಹೇಳಿದ್ದನ್ನೆಲ್ಲ ಕೊಂಡು ತರುವವರಿಗೂ, ‘ನೆಟ್ ಬರ್ತಿಲ್ಲ’ ಎಂದಷ್ಟೇ ಹೇಳಿ ದಿನಗಟ್ಟಲೆ ಕಾಯುವವರಿಗೂ ಈ ತಿಳಿವಳಿಕೆಯಿಂದ ನೇರ ಉಪಯೋಗವಿದೆ.

ಮ್ಯಾಕ್ ವಿಳಾಸದಿಂದಲೇ ಆರಂಭಿಸೋಣ. ನೆಟ್‌ವರ್ಕಿಗೆ ಸೇರುವ ಪ್ರತಿ ಚಿಪ್ಪಿಗೂ, ಅದು ಲ್ಯಾಪ್‌ಟಾಪಿನ ವೈಫೈ ಆಗಿರಲಿ, ಪ್ರಿಂಟರಿನ ಕೇಬಲ್ ಪೋರ್ಟ್ ಆಗಿರಲಿ, ತಯಾರಾದಾಗಲೇ 48 ಬಿಟ್‌ಗಳ ಒಂದು ಸಂಖ್ಯೆಯನ್ನು ಬರೆದಿರುತ್ತಾರೆ. 48 ಬಿಟ್ ಎಂದರೆ 2ರ 48ನೇ ಘಾತ, ಸುಮಾರು 281 ಲಕ್ಷ ಕೋಟಿ ಸಂಖ್ಯೆಗಳು. ಮೊದಲ ಮೂರು ಜೋಡಿ ಅಂಕಿಗಳನ್ನು ಐಟ್ರಿಪಲ್‌ಇ ಎಂಬ ಎಂಜಿನಿಯರುಗಳ ಸಂಸ್ಥೆ ತಯಾರಕ ಕಂಪನಿಗೆ ಹಂಚುತ್ತದೆ; ಉಳಿದ ಮೂರು ಜೋಡಿಯನ್ನು ಕಂಪನಿ ತನ್ನ ಒಂದೊಂದು ಚಿಪ್ಪಿಗೆ ಕೊಡುತ್ತದೆ. ಆದ್ದರಿಂದ ಮೊದಲರ್ಧ ನೋಡಿದರೆ ಯಾವ ಕಂಪನಿಯ ಸಾಮಾನು ಎಂದು ಹೇಳಬಹುದು. ಮನೆಯ ವೈಫೈಗೆ ಯಾರೋ ಅಪರಿಚಿತರು ಸೇರಿಕೊಂಡಿದ್ದಾರೆ ಎಂಬ ಅನುಮಾನ ಬಂದಾಗ, ರೂಟರಿನ ಪಟ್ಟಿಯಲ್ಲಿ ಕಾಣುವ ಮ್ಯಾಕ್ ವಿಳಾಸದ ಮೊದಲರ್ಧವೇ ಎಷ್ಟೋ ಸಲ ಸುಳಿವು ಕೊಡುತ್ತದೆ. ಅದು ನಿಮ್ಮದೇ ಟಿವಿ ಆಗಿರುತ್ತದೆ.

ಈ ಮ್ಯಾಕ್ ವಿಳಾಸದ ಹುಟ್ಟು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ. ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ಬಾಬ್ ಮೆಟ್‌ಕಾಫ್ 1973ರ ಮೇ ತಿಂಗಳಲ್ಲಿ ಒಂದು ಟಿಪ್ಪಣಿ ಬರೆದು, ಕಟ್ಟಡದ ಕಂಪ್ಯೂಟರುಗಳನ್ನೆಲ್ಲ ಒಂದೇ ಕೇಬಲ್ಲಿಗೆ ಕಟ್ಟುವ ಯೋಜನೆ ವಿವರಿಸಿದರು. ಅದೇ ಈಥರ್ನೆಟ್. ಡೇವಿಡ್ ಬಾಗ್ಸ್ ಜೊತೆ ಸೇರಿ ಅವರು ಕಟ್ಟಿದ ಮೊದಲ ಜಾಲ ಸೆಕೆಂಡಿಗೆ 2.94 ಮೆಗಾಬಿಟ್ ಸಾಗಿಸುತ್ತಿತ್ತು. ವಿಳಾಸಕ್ಕೆ ಇದ್ದದ್ದು ಬರೀ 8 ಬಿಟ್, ಅಂದರೆ 256 ಸಂಖ್ಯೆ. ಒಂದು ಕಟ್ಟಡಕ್ಕೆ ಅಷ್ಟು ಸಾಕಾಗಿತ್ತು. ಮುಂದೆ ಇದೇ ತಂತ್ರವನ್ನು ಲೋಕಕ್ಕೆಲ್ಲ ಕೊಡುವ ಹೊತ್ತು ಬಂದಾಗ ವಿಳಾಸವನ್ನು 48 ಬಿಟ್‌ಗೆ ಹಿಗ್ಗಿಸಲಾಯಿತು. ಯಾಕೆ ಹಾಗೆ ಮಾಡಬೇಕು ಎಂದು ವಿವರಿಸಿ 1981ರಲ್ಲಿ ಪ್ರಬಂಧ ಬರೆದ ಇಬ್ಬರಲ್ಲಿ ಒಬ್ಬರು ಯೋಗೇನ್ ದಲಾಲ್, ಬಾಂಬೆ ಐಐಟಿಯಲ್ಲಿ ಓದಿ ಸ್ಟ್ಯಾನ್‌ಫರ್ಡ್‌ಗೆ ಹೋದವರು. ಇನ್ನೊಬ್ಬರು ರಾಬರ್ಟ್ ಪ್ರಿಂಟಿಸ್. ಯಂತ್ರಕ್ಕೆ ಕೊಡುವ ಸಂಖ್ಯೆ ಲೋಕಕ್ಕೇ ಒಂದಾಗಿರಬೇಕು, ಅದು ಯಾವ ಜಾಲಕ್ಕೆ ಸೇರಿದೆ ಎಂಬುದರ ಮೇಲೆ ಬದಲಾಗಕೂಡದು ಎಂಬುದು ಅವರ ವಾದವಾಗಿತ್ತು. ನಾಲ್ಕು ದಶಕಗಳಾದರೂ ಆ 48 ಬಿಟ್ ಮುಗಿದಿಲ್ಲ. ಎಂಜಿನಿಯರಿಂಗ್‌ನಲ್ಲಿ ಇಷ್ಟು ದೂರ ಕಂಡ ತೀರ್ಮಾನಗಳು ಅಪರೂಪ, ಅದಕ್ಕೇ ಈ ಇಬ್ಬರ ಹೆಸರನ್ನು ಇಲ್ಲಿ ಬರೆಯಬೇಕೆನಿಸಿತು.

ಎಲ್ಲ ಯಂತ್ರಕ್ಕೂ ತನ್ನದೇ ಸಂಖ್ಯೆ ಇದೆ ಅಂದಮೇಲೆ ಇನ್ನೊಂದು ವಿಳಾಸ ಯಾಕೆ ಬೇಕಾಯಿತು? ಮ್ಯಾಕ್ ವಿಳಾಸ ಯಂತ್ರ ಯಾವುದು ಎಂದು ಹೇಳುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ. ಧಾರವಾಡದಲ್ಲಿ ಕೊಂಡ ಲ್ಯಾಪ್‌ಟಾಪನ್ನು ದುಬೈಗೆ ಒಯ್ದರೂ ಅದರ ಸಂಖ್ಯೆ ಅದೇ. ಇಂಥ ಸಂಖ್ಯೆಗಳನ್ನು ನಂಬಿ ಲೋಕವ್ಯಾಪಿ ಜಾಲ ಕಟ್ಟಬೇಕಾದರೆ ದಾರಿ ತೋರಿಸುವ ಪ್ರತಿ ಯಂತ್ರವೂ ಲೋಕದ ಪ್ರತಿಯೊಂದು ಸಾಧನ ಈ ಕ್ಷಣ ಎಲ್ಲಿದೆ ಎಂದು ನೆನಪಿಟ್ಟುಕೊಳ್ಳಬೇಕಾಗುತ್ತದೆ. ಆಗದ ಮಾತು. ಬೇಕಾದದ್ದು ಗುಂಪು ಹಿಡಿದು ಹೇಳಬಲ್ಲ ವಿಳಾಸ. ಐಪಿ ವಿಳಾಸ ಅಂಥದ್ದು. 1974ರಲ್ಲಿ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಬೇರೆ ಬೇರೆ ಜಾಲಗಳನ್ನು ಬೆಸೆಯುವ ಉಪಾಯವನ್ನು ಪ್ರಕಟಿಸಿದರು. ಅದು ಬೆಳೆದು 1981ರಲ್ಲಿ ಐಪಿಯ ನಾಲ್ಕನೇ ಆವೃತ್ತಿಯಾಯಿತು, 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಪೂರ್ತಿಯಾಗಿ ಅದಕ್ಕೆ ಬದಲಾಯಿತು. ನಾವು ಇಂದಿಗೂ ಬಳಸುವ, ಚುಕ್ಕಿ ಇಟ್ಟ ನಾಲ್ಕು ಸಂಖ್ಯೆಗಳ ವಿಳಾಸ ಅದೇ.

32 ಬಿಟ್‌ಗಳ ಆ ವಿಳಾಸದ ಎಡಭಾಗ ಜಾಲವನ್ನು ಹೇಳುತ್ತದೆ, ಬಲಭಾಗ ಆ ಜಾಲದೊಳಗಿನ ಯಂತ್ರವನ್ನು. ಗೆರೆ ಎಲ್ಲಿ ಎಳೆಯಬೇಕೆಂದು ತಿಳಿಸುವುದೇ ಸಬ್‌ನೆಟ್ ಮಾಸ್ಕ್. 255.255.255.0 ಎಂದು ಎಲ್ಲೋ ನೋಡಿ ಕಣ್ಣು ಜಾರಿಸಿಕೊಂಡಿರುತ್ತೀರಿ. ಮೊದಲ ಮೂರು ಸಂಖ್ಯೆ ಜಾಲದ್ದು, ಕೊನೆಯದೊಂದು ಯಂತ್ರದ್ದು ಎಂಬುದಷ್ಟೇ ಅದರ ಅರ್ಥ. ಹಾಗಾಗಿ 192.168.1.7 ಮತ್ತು 192.168.1.20 ಒಂದೇ ಜಾಲದವು, 192.168.2.7 ಹೊರಗಿನದು. ಕಂಪ್ಯೂಟರ್ ಒಂದು ಸಂದೇಶ ಕಳಿಸುವ ಮುನ್ನ ಮಾಡುವ ಮೊದಲ ಲೆಕ್ಕ ಇದೇ. ಗುರಿ ಒಳಗಿದೆಯೋ, ಹೊರಗಿದೆಯೋ?

ಎರಡೂ ವಿಳಾಸ ಒಟ್ಟಿಗೆ ಹೇಗೆ ದುಡಿಯುತ್ತವೆ ಎಂದು ತಿಳಿಯಲು ರೈಲ್ವೆ ಅಂಚೆಯನ್ನು ನೆನೆಯಬೇಕು. ಕುಂದಾಪುರದಿಂದ ಕಲಬುರಗಿಗೆ ಹೊರಟ ಕಾಗದದ ಮೇಲಿನ ವಿಳಾಸ ಕೊನೆಯವರೆಗೂ ಬದಲಾಗುವುದಿಲ್ಲ. ಆದರೆ ಆ ಕಾಗದ ಕೂತಿರುವ ಚೀಲದ ಮೇಲಿನ ಚೀಟಿ ಪ್ರತಿ ವಿಂಗಡಣೆ ಕಚೇರಿಯಲ್ಲೂ ಬದಲಾಗುತ್ತದೆ. ಚೀಲ ಬಿಚ್ಚುತ್ತಾರೆ, ಕಾಗದದ ಮೇಲಿನ ವಿಳಾಸ ಓದುತ್ತಾರೆ, ಮುಂದಿನ ಊರಿನ ಚೀಟಿ ಇರುವ ಹೊಸ ಚೀಲಕ್ಕೆ ಹಾಕುತ್ತಾರೆ. ಕಾಗದದ ಮೇಲಿನದು ಐಪಿ ವಿಳಾಸ, ಚೀಲದ ಚೀಟಿಯದು ಮ್ಯಾಕ್ ವಿಳಾಸ. ಕಾಗದಕ್ಕೆ ಪ್ಯಾಕೆಟ್ ಎಂದು ಹೆಸರು, ಚೀಲಕ್ಕೆ ಫ್ರೇಮ್ ಎಂದು. ಒಂದು ಈಥರ್ನೆಟ್ ಫ್ರೇಮಿನಲ್ಲಿ ಸಾಮಾನ್ಯವಾಗಿ 1500 ಬೈಟ್‌ಗಿಂತ ದೊಡ್ಡ ಪ್ಯಾಕೆಟ್ ಹಿಡಿಸುವುದಿಲ್ಲ. ನೀವು ಕಳಿಸುವ ಒಂದು ಫೋಟೊ ಸಾವಿರಾರು ಪ್ಯಾಕೆಟ್‌ಗಳಾಗಿ ಒಡೆದು ಹೋಗುತ್ತದೆ.

ಈಗ ಪೆಟ್ಟಿಗೆಗಳ ಹತ್ತಿರ ಬರೋಣ. ಯಾವ ವಿಳಾಸವನ್ನೂ ಓದದ ಪೆಟ್ಟಿಗೆ ಹಬ್. ಒಂದು ತೂತಿನಿಂದ ಬಂದ ವಿದ್ಯುತ್ ಸಂಕೇತವನ್ನು ಉಳಿದ ಎಲ್ಲ ತೂತುಗಳಿಗೂ ಹಾಗೇ ತಳ್ಳುತ್ತಿತ್ತು. ಈಗ ಅಂಗಡಿಗಳಲ್ಲಿ ಅದು ಕಾಣುವುದಿಲ್ಲ, ಕಾಣಬೇಕಾದ ಅಗತ್ಯವೂ ಇಲ್ಲ.

ಮ್ಯಾಕ್ ವಿಳಾಸ ಮಾತ್ರ ಓದುವುದು ಸ್ವಿಚ್. ಇದರ ಜಾಣತನ ನನಗೆ ಬಹಳ ಇಷ್ಟ. ಹೊಸ ಸ್ವಿಚ್ಚಿಗೆ ಪ್ಲಗ್ ಹಾಕಿದಾಗ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಮೂರನೇ ತೂತಿನಿಂದ ಒಂದು ಫ್ರೇಮ್ ಬಂದರೆ ಅದನ್ನು ಕಳಿಸಿದವರ ಮ್ಯಾಕ್ ವಿಳಾಸ ನೋಡಿ ‘ಈ ಯಂತ್ರ ಮೂರನೇ ತೂತಿನ ಕಡೆ ಇದೆ’ ಎಂದು ಬರೆದಿಟ್ಟುಕೊಳ್ಳುತ್ತದೆ. ಯಾರಿಗೆ ಕಳಿಸಬೇಕೋ ಅವರ ಜಾಗ ಇನ್ನೂ ಗೊತ್ತಿಲ್ಲದಿದ್ದರೆ ಎಲ್ಲ ತೂತಿಗೂ ಕಳಿಸುತ್ತದೆ. ಉತ್ತರ ಬಂದ ಕ್ಷಣ ಅವರ ಜಾಗವೂ ತಿಳಿಯಿತು. ಹೀಗೆ ಕೇಳಿಸಿಕೊಳ್ಳುತ್ತಲೇ ಕಲಿತುಬಿಡುತ್ತದೆ, ಯಾರೂ ಹೇಳಿಕೊಡಬೇಕಾಗಿಲ್ಲ. ಸ್ವಲ್ಪ ಹೊತ್ತು, ಸಾಮಾನ್ಯವಾಗಿ ಐದು ನಿಮಿಷ, ಒಂದು ಯಂತ್ರ ಸುಮ್ಮನಿದ್ದರೆ ಅದನ್ನು ಪಟ್ಟಿಯಿಂದ ಅಳಿಸುತ್ತದೆ. ಯಂತ್ರವನ್ನು ಬೇರೆ ತೂತಿಗೆ ಬದಲಾಯಿಸಿದರೂ ಅದು ಕಳಿಸುವ ಮುಂದಿನ ಫ್ರೇಮಿನಿಂದಲೇ ಹೊಸ ಜಾಗ ಪಟ್ಟಿಗೆ ಸೇರುತ್ತದೆ.

ಈ ಸರಳತೆಗೆ ಒಂದು ಅಪಾಯವೂ ಅಂಟಿಕೊಂಡಿದೆ. ಒಂದೇ ಕೇಬಲ್ಲಿನ ಎರಡೂ ತುದಿಯನ್ನು ಯಾರಾದರೂ ಗೊತ್ತಿಲ್ಲದೆ ಅದೇ ಸ್ವಿಚ್ಚಿಗೆ ಸಿಕ್ಕಿಸಿದರೆ, ಎಲ್ಲರಿಗೂ ಎಂದು ಕಳಿಸಿದ ಫ್ರೇಮ್ ಒಂದು ತೂತಿನಿಂದ ಹೊರಟು ಇನ್ನೊಂದರಿಂದ ಒಳಬಂದು ಮತ್ತೆ ಎಲ್ಲ ತೂತಿಗೂ ಹೊರಡುತ್ತದೆ. ಈಥರ್ನೆಟ್ ಫ್ರೇಮಿಗೆ ಆಯುಸ್ಸಿನ ಮಿತಿ ಇಲ್ಲ. ಅದು ಸುತ್ತುತ್ತಲೇ ಇರುತ್ತದೆ, ಸುತ್ತಿದಷ್ಟೂ ಪ್ರತಿಗಳು ಹೆಚ್ಚುತ್ತವೆ, ಕ್ಷಣಗಳಲ್ಲಿ ಇಡೀ ಕಚೇರಿಯ ಜಾಲ ಉಸಿರುಗಟ್ಟುತ್ತದೆ. ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚೆದ್ದಂತೆ ಮಿನುಗುವುದೇ ಇದರ ಗುರುತು. ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲಿ ಇದಕ್ಕೆ ಮದ್ದು ಕಂಡುಹಿಡಿದರು. ಸ್ವಿಚ್‌ಗಳು ಪರಸ್ಪರ ಮಾತಾಡಿಕೊಂಡು, ಸುತ್ತು ಬರುವ ದಾರಿಗಳನ್ನು ತಾವೇ ಮುಚ್ಚಿ, ಕವಲೊಡೆದ ಮರದಂಥ ದಾರಿಯನ್ನಷ್ಟೇ ತೆರೆದಿಡುವ ವಿಧಾನ. ಸ್ಪ್ಯಾನಿಂಗ್ ಟ್ರೀ ಎನ್ನುತ್ತಾರೆ. ತೆರೆದ ದಾರಿ ಕಡಿದರೆ ಮುಚ್ಚಿದ್ದೊಂದು ತಾನಾಗಿ ತೆರೆಯುತ್ತದೆ. ಮನೆಗೆ ಕೊಳ್ಳುವ ಅಗ್ಗದ ಐದು ತೂತಿನ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಈ ರಕ್ಷಣೆ ಇರುವುದಿಲ್ಲ. ಶಾಲೆ, ಆಸ್ಪತ್ರೆ, ಕಚೇರಿಗೆ ಸ್ವಿಚ್ ಕೊಳ್ಳುವವರು ಬೆಲೆಗಿಂತ ಮೊದಲು ಈ ಒಂದು ಗುಣ ಇದೆಯೇ ಎಂದು ಕೇಳಲೇಬೇಕು.

ಐಪಿ ವಿಳಾಸ ಓದುವ ಪೆಟ್ಟಿಗೆ ರೂಟರ್. ಚೀಲ ಬಿಚ್ಚಿ ಕಾಗದ ನೋಡುವ ವಿಂಗಡಣೆ ಕಚೇರಿ ಇದೇ. ಒಂದು ಜಾಲದಿಂದ ಇನ್ನೊಂದಕ್ಕೆ ದಾಟುವ ಬಾಗಿಲೂ ಹೌದು, ಹಾಗಾಗಿ ಒಳಗಿನ ಯಂತ್ರಗಳ ಪಾಲಿಗೆ ಅದು ಗೇಟ್‌ವೇ. ನಿಮ್ಮ ಫೋನ್ ವೈಫೈಗೆ ಸೇರಿದ ಕೂಡಲೇ ‘ನನಗೊಂದು ವಿಳಾಸ ಕೊಡಿ’ ಎಂದು ಕೇಳುತ್ತದೆ. ರೂಟರಿನೊಳಗಿನ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಒಂದು ಐಪಿ ವಿಳಾಸ, ಮಾಸ್ಕ್, ಗೇಟ್‌ವೇ, ಹೆಸರಿಗೆ ತಕ್ಕ ವಿಳಾಸ ಹುಡುಕಿಕೊಡುವ ಸರ್ವರಿನ ವಿಳಾಸ ಇಷ್ಟನ್ನೂ ಇಂತಿಷ್ಟು ಹೊತ್ತಿನ ಗೇಣಿಗೆ ಕೊಡುತ್ತದೆ. ಕಂಪ್ಯೂಟರಿನ ವಿಳಾಸ 169.254 ಎಂದು ಆರಂಭವಾಗಿದ್ದರೆ ಅದು ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ ಎಂದೇ ಅರ್ಥ. ತಾನೇ ಒಂದು ತಾತ್ಕಾಲಿಕ ವಿಳಾಸ ಹಾಕಿಕೊಂಡಿದೆ. ಹೊರಗಿನ ಇಂಟರ್‌ನೆಟ್ ಹೋಗಿದೆಯೆಂದು ಕಂಪನಿಗೆ ಫೋನ್ ಮಾಡುವ ಮೊದಲು ಕೇಬಲ್ಲನ್ನೋ ರೂಟರನ್ನೋ ನೋಡಬೇಕಾದ ಸಂದರ್ಭ ಅದು.

ಗೇಟ್‌ವೇಯ ಐಪಿ ಗೊತ್ತಾಯಿತು, ಆದರೆ ಚೀಲದ ಮೇಲೆ ಬರೆಯಲು ಅದರ ಮ್ಯಾಕ್ ವಿಳಾಸ ಬೇಕಲ್ಲ? ಎರಡು ವಿಳಾಸಗಳ ನಡುವಿನ ಕೊಂಡಿ ಎಆರ್‌ಪಿ. 1982ರಲ್ಲಿ ಡೇವಿಡ್ ಪ್ಲಮರ್ ಬರೆದ ಚಿಕ್ಕ ನಿಯಮ ಇದು. ನಿಮ್ಮ ಕಂಪ್ಯೂಟರ್ ಮನೆಯ ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ ‘192.168.1.1 ಯಾರು? 192.168.1.7ಕ್ಕೆ ತಿಳಿಸಿ’ ಎಂದು ಕೂಗುತ್ತದೆ. ಟಿವಿ, ಪ್ರಿಂಟರ್, ಅಮ್ಮನ ಫೋನ್ ಎಲ್ಲಕ್ಕೂ ಕೇಳಿಸುತ್ತದೆ, ಎಲ್ಲ ಸುಮ್ಮನಿರುತ್ತವೆ. ರೂಟರ್ ಮಾತ್ರ ‘ನಾನು, ನನ್ನ ಮ್ಯಾಕ್ ವಿಳಾಸ ಇದು’ ಎನ್ನುತ್ತದೆ. ವಿಂಡೋಸ್ ಕಂಪ್ಯೂಟರಿನ ಕಪ್ಪು ಆಜ್ಞಾ ಕಿಟಕಿಯಲ್ಲಿ ‘ಎಆರ್‌ಪಿ -ಎ’ ಎಂದು ಕೊಟ್ಟರೆ ಹೀಗೆ ಕೂಗಿ ಕೇಳಿ ಕಲಿತ ಜೋಡಿಗಳೆಲ್ಲ ಪಟ್ಟಿಯಾಗಿ ಕಾಣುತ್ತವೆ. ಎಡಕ್ಕೆ ಐಪಿ, ಬಲಕ್ಕೆ ಮ್ಯಾಕ್. ಮಾಡಿ ನೋಡಬೇಕಾದ ಪ್ರಯೋಗ. ಇಷ್ಟು ಹೊತ್ತು ಬರೆದದ್ದೆಲ್ಲ ಅಲ್ಲಿ ನಾಲ್ಕೈದು ಸಾಲಿನಲ್ಲಿ ಕಣ್ಣೆದುರು ಇರುತ್ತದೆ.

ನಮ್ಮ ಫೋನುಗಳು ಈಗ ಮ್ಯಾಕ್ ವಿಳಾಸವನ್ನು ಮರೆಮಾಚುತ್ತವೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬದಲಾಗದ ಸಂಖ್ಯೆಯನ್ನು ಹೊತ್ತು ತಿರುಗುವ ಫೋನನ್ನು ಮಾಲ್‌ನಿಂದ ಮಾಲ್‌ಗೆ, ಬಸ್ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಗುರುತಿಸುತ್ತಾ ಹೋಗಬಹುದು. ಅದನ್ನು ತಪ್ಪಿಸಲೆಂದು 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14 ಬಂದಾಗಿನಿಂದ ಫೋನುಗಳು ಒಂದೊಂದು ವೈಫೈಗೂ ಒಂದೊಂದು ಕೃತಕ ಮ್ಯಾಕ್ ವಿಳಾಸ ತೋರಿಸುತ್ತವೆ. ಹಾಸ್ಟೆಲ್ಲಿನಲ್ಲಿ ಮ್ಯಾಕ್ ವಿಳಾಸ ನೋಂದಾಯಿಸಿದ ಮೇಲೂ ಫೋನ್ ಕನೆಕ್ಟ್ ಆಗದೆ ಪರದಾಡುವ ವಿದ್ಯಾರ್ಥಿಗಳಿಗೆ ಕಾರಣ ಬಹಳ ಸಲ ಇದೇ. ಆ ಒಂದು ವೈಫೈಗೆ ಮಾತ್ರ ಈ ಸೌಲಭ್ಯವನ್ನು ಆಫ್ ಮಾಡಿದರೆ ಸರಿಹೋಗುತ್ತದೆ.

ಇನ್ನು ನಾವು ‘ವೈಫೈ ಬಾಕ್ಸ್’ ಅನ್ನುವ ಆ ಪೆಟ್ಟಿಗೆ. ಫೈಬರ್ ಸಂಪರ್ಕವಿರುವ ಮನೆಗಳಲ್ಲಿ ಅದರೊಳಗೆ ಹಲವೊಮ್ಮೆ ನಾಲ್ಕು ಯಂತ್ರಗಳು ಒಂದೇ ಕವಚದಲ್ಲಿ ಕೂತಿರುತ್ತವೆ. ಹಿಂಭಾಗದ ಹಳದಿ ತೂತುಗಳು ಒಂದು ಪುಟ್ಟ ಸ್ವಿಚ್. ಆಂಟೆನಾಗಳ ಹಿಂದೆ ಇರುವುದು ಆಕ್ಸೆಸ್ ಪಾಯಿಂಟ್, ಅದು ಕೇಬಲ್ಲಿನ ಫ್ರೇಮನ್ನು ರೇಡಿಯೊ ಅಲೆಯಾಗಿಸುತ್ತದೆ. ಓದುವುದು ಮ್ಯಾಕ್ ವಿಳಾಸವನ್ನೇ. ಮೂರನೆಯದು ರೂಟರ್. ನಾಲ್ಕನೆಯದು ಓಎನ್‌ಟಿ, ಬೆಳಕನ್ನು ವಿದ್ಯುತ್ತಾಗಿ, ವಿದ್ಯುತ್ತನ್ನು ಬೆಳಕಾಗಿ ಬದಲಿಸುವ ಭಾಗ. ಹಳೆಯ ಟೆಲಿಫೋನ್ ತಂತಿಯ ಕಾಲದಲ್ಲಿ ಈ ಜಾಗದಲ್ಲಿ ಮೋಡೆಮ್ ಇತ್ತು, ಹಾಗಾಗಿ ಜನ ಇದನ್ನೂ ಮೋಡೆಮ್ ಅನ್ನುತ್ತಾರೆ. ಈ ನಾಲ್ಕನ್ನು ಬೇರೆಬೇರೆಯಾಗಿ ನೋಡಲು ಕಲಿತರೆ ದೂರು ಹೇಳುವುದು ಸುಲಭ. ಕೇಬಲ್ ಹಾಕಿದ ಕಂಪ್ಯೂಟರಿಗೆ ನೆಟ್ ಬಂದು ಫೋನಿಗೆ ಬಾರದಿದ್ದರೆ ಆಕ್ಸೆಸ್ ಪಾಯಿಂಟಿನ ತೊಂದರೆ. ಎಲ್‌ಒಎಸ್ ಎಂದು ಬರೆದ ಕಡೆ ಕೆಂಪು ದೀಪ ಉರಿದರೆ ಓಎನ್‌ಟಿಗೆ ಬೆಳಕೇ ತಲುಪುತ್ತಿಲ್ಲ. ಹೊರಗೆಲ್ಲೋ ಫೈಬರ್ ಕಡಿದಿದೆ ಅಥವಾ ಅತಿಯಾಗಿ ಬಾಗಿದೆ. ಅಂಥ ಹೊತ್ತಲ್ಲಿ ಪೆಟ್ಟಿಗೆಯನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡುವುದರಿಂದ ಏನೂ ಆಗುವುದಿಲ್ಲ.

ಆ ಬೆಳಕಿನ ಪ್ರಮಾಣ ಎಷ್ಟೆಂದು ತಿಳಿದಾಗ ಬೆರಗಾಗುತ್ತದೆ. ಬೆಳಕು ಸಾಗುವ ಗಾಜಿನ ತಿರುಳು 9 ಮೈಕ್ರೊಮೀಟರ್ ದಪ್ಪ, ಸುತ್ತಲಿನ ಗಾಜೂ ಸೇರಿ 125 ಮೈಕ್ರೊಮೀಟರ್. ನಿಮ್ಮ ಬೀದಿಯಲ್ಲೆಲ್ಲೋ ವಿದ್ಯುತ್ ಬೇಡದ ಒಂದು ಗಾಜಿನ ಕವಲು, ಸ್ಪ್ಲಿಟರ್, ಒಂದೇ ಎಳೆಯ ಬೆಳಕನ್ನು 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಹಂಚಿ ಹಂಚಿ ಮನೆ ತಲುಪುವ ಹೊತ್ತಿಗೆ ಬೆಳಕು ಬಹಳ ಕ್ಷೀಣವಾದರೂ ಸೈ. ಮೈನಸ್ 27 ಡಿಬಿಎಂ ಎಂದರೆ ಸುಮಾರು ಎರಡು ಮೈಕ್ರೊವ್ಯಾಟ್, ಅಷ್ಟಿದ್ದರೂ ಓಎನ್‌ಟಿ ಓದಿಕೊಳ್ಳುತ್ತದೆ. ಬರುವ ಬೆಳಕಿಗೆ 1490 ನ್ಯಾನೊಮೀಟರ್, ಹೋಗುವ ಬೆಳಕಿಗೆ 1310 ನ್ಯಾನೊಮೀಟರ್ ತರಂಗಾಂತರ ಇರುವುದರಿಂದ ಒಂದೇ ಎಳೆಯಲ್ಲಿ ಎರಡೂ ಕಡೆಯ ಸಂಚಾರ ಡಿಕ್ಕಿಯಿಲ್ಲದೆ ನಡೆಯುತ್ತದೆ. ಎರಡೂ ಕಣ್ಣಿಗೆ ಕಾಣದ ಬೆಳಕು. ಕಾಣುವುದಿಲ್ಲವೆಂದು ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು.

ತಾಮ್ರದ ಕೇಬಲ್ಲಿನ ಕತೆ ಇನ್ನೂ ರಸವತ್ತಾದದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದೇ ಅಂಗಡಿಯಲ್ಲಿ ಕೇಬಲ್ ತುದಿಗೆ ಕನೆಕ್ಟರ್ ಕೂರಿಸುವುದನ್ನು ನಿಂತು ನೋಡಬೇಕು. ಹೊರಗಿನ ಸಿಪ್ಪೆ ಬಿಡಿಸಿದರೆ ಎಂಟು ತಂತಿಗಳು, ಎರಡೆರಡು ಜಡೆ ಹೆಣೆದುಕೊಂಡು ನಾಲ್ಕು ಜೋಡಿ. ಹುಡುಗ ಬೆರಳಲ್ಲೇ ಜಡೆ ಬಿಡಿಸಿ, ನೆಟ್ಟಗೆ ಮಾಡಿ, ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು ಎಂದು ಸಾಲಾಗಿ ಹಿಡಿದು, ತುದಿ ಸಮವಾಗಿ ಕತ್ತರಿಸಿ, ಪಾರದರ್ಶಕ ಕನೆಕ್ಟರಿನೊಳಗೆ ತಳ್ಳಿ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತುತ್ತಾನೆ. ಹಸಿರು ಜೋಡಿ ಯಾಕೆ ಒಡೆದು ನೀಲಿಯ ಆಚೀಚೆ ಕೂರಬೇಕು? ಬಣ್ಣದ ಜೋಡಿಗಳನ್ನು ಒಂದರ ಪಕ್ಕ ಒಂದು ಇಟ್ಟರೆ ನೋಡಲೂ ಚೆಂದ, ನೆನಪಿಡಲೂ ಸುಲಭ. ಎರಡೂ ತುದಿಯಲ್ಲಿ ಹಾಗೇ ಇಟ್ಟರೆ ಪರೀಕ್ಷೆ ಯಂತ್ರದ ಎಂಟೂ ದೀಪ ಸಾಲಾಗಿ ಹತ್ತುತ್ತವೆ. ಆದರೂ ಆ ಕೇಬಲ್ ಜೋರಾಗಿ ಕೆಲಸ ಮಾಡುವುದಿಲ್ಲ.

ಕಾರಣ ಜಡೆಯಲ್ಲಿದೆ. 1881ರಲ್ಲೇ ಅಲೆಕ್ಸಾಂಡರ್ ಗ್ರಹಾಂ ಬೆಲ್ ಪೇಟೆಂಟ್ ಪಡೆದ ಉಪಾಯ ಇದು. ಒಂದು ತಂತಿಯಲ್ಲಿ ಸಂಕೇತ, ಜೊತೆಯ ತಂತಿಯಲ್ಲಿ ಅದರ ತದ್ವಿರುದ್ಧ. ಹೊರಗಿನಿಂದ ಗದ್ದಲ ಬಂದರೆ ಜಡೆಯ ಎರಡೂ ಎಳೆಗೆ ಸಮವಾಗಿ ತಗಲುತ್ತದೆ. ಆ ತುದಿಯಲ್ಲಿ ಎರಡರ ವ್ಯತ್ಯಾಸ ತೆಗೆದರೆ ಗದ್ದಲ ಕಳೆದುಹೋಗಿ ಸಂಕೇತ ಮಾತ್ರ ಉಳಿಯುತ್ತದೆ. ನಾಲ್ಕು ಜೋಡಿಗಳ ಜಡೆಯೂ ಬೇರೆ ಬೇರೆ ಬಿಗಿಯಲ್ಲಿರುತ್ತದೆ, ಒಂದರ ಸಂಕೇತ ಇನ್ನೊಂದಕ್ಕೆ ಸೋರದಿರಲೆಂದು. ಈಥರ್ನೆಟ್ ಪಿನ್ 1 ಮತ್ತು 2ನ್ನು ಒಂದು ಜೋಡಿ, 3 ಮತ್ತು 6ನ್ನು ಇನ್ನೊಂದು ಜೋಡಿ ಎಂದು ಲೆಕ್ಕ ಹಾಕುತ್ತದೆ. ಬಣ್ಣ ನೋಡಿ ಚೆಂದಕ್ಕೆ ಜೋಡಿಸಿದರೆ 3 ಮತ್ತು 6ಕ್ಕೆ ಬೇರೆ ಬೇರೆ ಜಡೆಯ ತಂತಿಗಳು ಬರುತ್ತವೆ, ವ್ಯತ್ಯಾಸ ತೆಗೆದರೂ ಗದ್ದಲ ಕಳೆಯುವುದಿಲ್ಲ. ದೀಪದ ಪರೀಕ್ಷೆ ಯಂತ್ರ ತಂತಿ ಈ ತುದಿಯಿಂದ ಆ ತುದಿಗೆ ತಲುಪಿದೆಯೇ ಎಂದಷ್ಟೇ ನೋಡುತ್ತದೆ, ಜೊತೆಗಾರ ಸರಿಯೇ ಎಂದು ನೋಡುವುದಿಲ್ಲ. ಇನ್ನೊಂದು ಗುಟ್ಟು ಕೆಲಸಗಾರರಿಗೆ ಗೊತ್ತು. 100 ಮೆಗಾಬಿಟ್ ಸಂಪರ್ಕಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ದುಡ್ಡು ಕೊಟ್ಟು ತಂದ ಗಿಗಾಬಿಟ್ ಸಾಮಾನು 100ಕ್ಕೇ ನಿಂತಿದ್ದರೆ ನೀಲಿ ಅಥವಾ ಕಂದು ಜೋಡಿಯ ಯಾವುದೋ ತಂತಿ ಕೈಕೊಟ್ಟಿರುವ ಸಾಧ್ಯತೆಯೇ ಹೆಚ್ಚು.

ವೇಗದ ಲೆಕ್ಕದಲ್ಲೂ ಜನ ಎಡವುವ ಎರಡು ಕಡೆಗಳಿವೆ. ಒಂದು, ಕಂಪನಿಗಳು ಮಾರುವುದು ಮೆಗಾಬಿಟ್, ಕಂಪ್ಯೂಟರ್ ತೋರಿಸುವುದು ಮೆಗಾಬೈಟ್. ಎಂಟು ಬಿಟ್‌ಗೆ ಒಂದು ಬೈಟ್. 100 ಎಂಬಿಪಿಎಸ್ ಪ್ಲಾನಿನಲ್ಲಿ ಡೌನ್‌ಲೋಡ್ 12.5 ಎಂದು ಕಂಡರೆ ಮೋಸವಾಗಿಲ್ಲ. ಇನ್ನೊಂದು, ಬ್ಯಾಂಡ್‌ವಿಡ್ತ್ ಬೇರೆ, ಲೇಟೆನ್ಸಿ ಬೇರೆ. ಮೊದಲನೆಯದು ಸೆಕೆಂಡಿಗೆ ಎಷ್ಟು ಸಾಗುತ್ತದೆ ಎಂಬುದು, ಎರಡನೆಯದು ಒಂದು ಪ್ಯಾಕೆಟ್ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಬೇಕು ಎಂಬುದು. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ನೇರ ಗೆರೆಯಲ್ಲೇ ಸುಮಾರು 14,000 ಕಿಲೋಮೀಟರ್. ಹೋಗಿ ಬರಲು ಕನಿಷ್ಠ 140 ಮಿಲಿಸೆಕೆಂಡ್ ಬೇಕೇ ಬೇಕು, ಕೇಬಲ್ ನೇರವಾಗಿ ಹೋಗದ ಕಾರಣ ನಿಜದಲ್ಲಿ ಇನ್ನೂ ಹೆಚ್ಚು. ತಿಂಗಳಿಗೆ ಎಷ್ಟು ಹಣ ಕೊಟ್ಟರೂ ಇದನ್ನು ಕಡಿಮೆ ಮಾಡಲಾಗದು. ಅಮೆರಿಕದಲ್ಲಿರುವ ಮಗಳೊಡನೆ ವಿಡಿಯೊ ಮಾತಾಡುವಾಗ ಇಬ್ಬರ ಮಾತೂ ಒಂದರ ಮೇಲೊಂದು ಬೀಳುವುದು ಬೆಳಕಿನ ಈ ಮಿತಿಯಿಂದಲೂ ಹೌದು. 300 ಎಂಬಿಪಿಎಸ್ ಪ್ಲಾನ್ ಹಾಕಿಸಿದರೂ ಆ ಪಾಲು ಹಾಗೇ ಇರುತ್ತದೆ.

ಈ ದಾರಿಯನ್ನು ಕಣ್ಣಾರೆ ನೋಡಲು ವಿಂಡೋಸ್‌ನಲ್ಲಿ ‘ಟ್ರೇಸರ್ಟ್’ ಎಂಬ ಆಜ್ಞೆ ಇದೆ. ಪ್ರತಿ ಪ್ಯಾಕೆಟ್ಟಿನ ಮೇಲೂ ಟಿಟಿಎಲ್ ಎಂಬ ಒಂದು ಸಂಖ್ಯೆ ಇರುತ್ತದೆ. ಒಂದೊಂದು ರೂಟರ್ ದಾಟಿದಾಗಲೂ ಅದು ಒಂದು ಕಡಿಮೆಯಾಗುತ್ತದೆ, ಸೊನ್ನೆಯಾದ ಕಡೆ ರೂಟರ್ ಪ್ಯಾಕೆಟ್ಟನ್ನು ಎಸೆದು ಕಳಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ಫ್ರೇಮಿಗೆ ಇಲ್ಲದ ಆಯುಸ್ಸಿನ ಮಿತಿ ಪ್ಯಾಕೆಟ್ಟಿಗೆ ಇದೆ. ಟ್ರೇಸರ್ಟ್ ಬೇಕೆಂದೇ 1, 2, 3 ಎಂದು ಕಿರು ಆಯುಸ್ಸಿನ ಪ್ಯಾಕೆಟ್‌ಗಳನ್ನು ಕಳಿಸಿ, ಎಲ್ಲೆಲ್ಲಿಂದ ಸುದ್ದಿ ಬರುತ್ತದೆ ಎಂದು ಬರೆದುಕೊಳ್ಳುತ್ತದೆ. ಮೊದಲ ಸಾಲಿನಲ್ಲಿ ನಿಮ್ಮದೇ ರೂಟರ್ 192.168.1.1, ಒಂದೆರಡು ಮಿಲಿಸೆಕೆಂಡ್. ಎರಡನೆಯದೋ ಮೂರನೆಯದೋ ಸಾಲಿನಲ್ಲಿ ಅನೇಕ ಮನೆಗಳಿಗೆ 100.64 ಅಥವಾ ಅದರ ಆಸುಪಾಸಿನ ಸಂಖ್ಯೆಯಿಂದ ಆರಂಭವಾಗುವ ವಿಳಾಸ ಕಾಣುತ್ತದೆ.

ಆ ಸಾಲಿನ ಹಿಂದೆ ದೊಡ್ಡದೊಂದು ಕೊರತೆಯ ಇತಿಹಾಸವಿದೆ. 32 ಬಿಟ್‌ಗೆ ಸಿಗುವುದು ಸುಮಾರು 430 ಕೋಟಿ ವಿಳಾಸ, ಲೋಕದ ಜನಸಂಖ್ಯೆಗಿಂತಲೂ ಕಡಿಮೆ. 2011ರ ಫೆಬ್ರುವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳನ್ನು ಹಂಚಿ ಮುಗಿಸಲಾಯಿತು. ಏಷ್ಯಾದ ಪಾಲು ಅದೇ ಏಪ್ರಿಲ್‌ನಲ್ಲಿ ಕೊನೆಯ ಹಂತಕ್ಕೆ ಬಂತು. ಇದು ಹೀಗಾಗುತ್ತದೆಂದು ಬಹಳ ಮೊದಲೇ ಗೊತ್ತಿದ್ದವರು 1990ರ ದಶಕದಲ್ಲೇ ನ್ಯಾಟ್ ಎಂಬ ಉಪಾಯ ಮಾಡಿದ್ದರು. ಮನೆಯೊಳಗೆ ಎಲ್ಲರಿಗೂ 192.168 ಎಂಬ ಖಾಸಗಿ ವಿಳಾಸ. ಅವನ್ನು ಯಾರ ಮನೆಯಲ್ಲಿ ಬೇಕಾದರೂ ಬಳಸಬಹುದು, ಹೊರಗೆ ಅವು ನಡೆಯುವುದಿಲ್ಲ. ಹೊರಗೆ ಹೋಗುವಾಗ ರೂಟರ್ ಪ್ಯಾಕೆಟ್ಟಿನ ಮೇಲಿನ ಕಳಿಸಿದವರ ವಿಳಾಸ ಅಳಿಸಿ ತನ್ನ ಒಂದೇ ಸಾರ್ವಜನಿಕ ವಿಳಾಸ ಬರೆಯುತ್ತದೆ. ಯಾವ ಉತ್ತರ ಯಾರಿಗೆ ಎಂದು ತಿಳಿಯಲು ಪೋರ್ಟ್ ಎಂಬ ಇನ್ನೊಂದು ಸಂಖ್ಯೆ ಹಾಕಿ ಪಟ್ಟಿ ಇಟ್ಟುಕೊಳ್ಳುತ್ತದೆ. ಕಾಗದದ ಮೇಲಿನ ವಿಳಾಸ ಬದಲಾಗುವುದಿಲ್ಲ ಎಂದು ಮೇಲೆ ಹೇಳಿದ ನಿಯಮಕ್ಕೆ ಇದು ನೇರ ಭಂಗ. ಅನಿವಾರ್ಯವಾಗಿ ಮಾಡಿಕೊಂಡ ಭಂಗ. ವಿಳಾಸಗಳು ಇನ್ನಷ್ಟು ದುಬಾರಿಯಾದಾಗ ಇಂಟರ್‌ನೆಟ್ ಕಂಪನಿಗಳು ನೂರಾರು ಮನೆಗಳನ್ನು ಸೇರಿಸಿ ತಮ್ಮ ಕಡೆ ಮತ್ತೊಂದು ನ್ಯಾಟ್ ಇಟ್ಟವು. ಆ ನಡುವಿನ ಹಾದಿಗೆಂದೇ 2012ರಲ್ಲಿ ಮೀಸಲಿಟ್ಟ ವಿಳಾಸಗಳು 100.64ರಿಂದ 100.127ರವರೆಗಿನವು.

ಊರಿನ ಮನೆಗೆ ಸಿಸಿಟಿವಿ ಹಾಕಿಸಿ ಬೆಂಗಳೂರಿನಿಂದ ನೋಡಲು ಹೊರಟವರು ಎದುರಿಸುವ ಗೋಡೆ ಇದೇ. ಒಳಗಿನಿಂದ ಹೊರಗೆ ಹೋದದ್ದಕ್ಕೆ ಮಾತ್ರ ಪಟ್ಟಿಯಲ್ಲಿ ಸಾಲು ಇರುತ್ತದೆ. ಹೊರಗಿನಿಂದ ಯಾರೂ ಕೇಳದೆ ಬಂದ ಪ್ಯಾಕೆಟ್ ಯಾವ ಮನೆಯ ಯಾವ ಕ್ಯಾಮೆರಾಗೆ ಎಂದು ಕಂಪನಿಯ ನ್ಯಾಟ್‌ಗೆ ತಿಳಿಯುವುದಿಲ್ಲ, ಎಸೆಯುತ್ತದೆ. ಮನೆಯ ರೂಟರಿನಲ್ಲಿ ಹೊರಗಿನಿಂದ ಬಂದದ್ದನ್ನು ಕ್ಯಾಮೆರಾಗೆ ತಿರುಗಿಸುವ ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಸಲ ಹಾಕಿದರೂ ಉಪಯೋಗವಿಲ್ಲ, ಯಾಕೆಂದರೆ ತಡೆ ಇರುವುದು ಮನೆಯ ಆಚೆ. ಹಾಗಾಗಿ ಕ್ಯಾಮೆರಾ ತಯಾರಕರು ನಡುವೆ ತಮ್ಮ ಸರ್ವರ್ ಇಟ್ಟು ಎರಡೂ ಕಡೆಯಿಂದ ಅಲ್ಲಿಗೆ ಕರೆಸಿಕೊಳ್ಳುತ್ತಾರೆ. ನಿಮ್ಮ ಅಂಗಳದ ದೃಶ್ಯ ಅಲ್ಲಿ ಮೂರನೆಯವರ ಯಂತ್ರದ ಮೂಲಕ ಹಾದುಹೋಗಬಹುದು ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹೇಳಬೇಕು.

ಇದಕ್ಕೆ ನೇರ ಪರಿಹಾರ 128 ಬಿಟ್‌ಗಳ ಐಪಿವಿ6. ಅದರ ವಿಳಾಸಗಳ ಸಂಖ್ಯೆ ಬರೆಯಲು 39 ಅಂಕಿ ಬೇಕು. ಮನೆಯ ಪ್ರತಿ ಸಾಧನಕ್ಕೂ ಲೋಕಕ್ಕೇ ಒಂದಾದ ಸ್ವಂತ ವಿಳಾಸ ಸಿಗುತ್ತದೆ, ನ್ಯಾಟ್ ಬೇಕಾಗುವುದಿಲ್ಲ. ಬೇಡದವರನ್ನು ಹೊರಗಿಡುವ ಕೆಲಸ ರೂಟರಿನ ಫೈರ್‌ವಾಲ್‌ನದು. ವಿಳಾಸ ಹಂಚಿಕೆಯಲ್ಲಿ ತಡವಾಗಿ ಸರದಿಗೆ ಬಂದ ಭಾರತ ಇದರ ಬಳಕೆಯಲ್ಲಿ ಇಂದು ಲೋಕದ ಮುಂಚೂಣಿಯಲ್ಲಿದೆ, 2016ರಿಂದ ಹರಡಿದ 4ಜಿ ಜಾಲಗಳೇ ಅದಕ್ಕೆ ಮುಖ್ಯ ಕಾರಣ. ನಿಮ್ಮ ಮನೆಯಲ್ಲಿ ಇದು ಇದೆಯೇ ಎಂದು ನೋಡಲು ಅದೇ ಟ್ರೇಸರ್ಟ್ ಆಜ್ಞೆಗೆ -6 ಎಂದು ಸೇರಿಸಿ, ಮುಂದೆ ಗೂಗಲ್ಲಿನಂಥ ದೊಡ್ಡ ತಾಣದ ಹೆಸರು ಕೊಡಿ. ಸಂಪರ್ಕ ಇದ್ದರೆ ಎರಡೆರಡು ಚುಕ್ಕಿಗಳಿಂದ ಬೇರ್ಪಟ್ಟ ಉದ್ದನೆಯ ವಿಳಾಸಗಳು ಸಾಲಾಗಿ ಬರುತ್ತವೆ, ಅವುಗಳಲ್ಲಿ 100.64ರ ಸಾಲು ಇರುವುದಿಲ್ಲ. ಇಲ್ಲದಿದ್ದರೆ ಮೊದಲು ರೂಟರಿನ ಸೆಟ್ಟಿಂಗ್‌ನಲ್ಲಿ ಐಪಿವಿ6 ಆನ್ ಆಗಿದೆಯೇ ನೋಡಿ, ಆಮೇಲೆ ಕಂಪನಿಗೆ ಫೋನ್ ಮಾಡಿ ಕೇಳಿ.